ಬಿಸಿಲು ಕಾಣದ ಬಣ್ಣ

“ಇದನ್ನ ಯಾವ ದಿನಕ್ಕೆ ವಾಪಸ್ ಕರ್ಕೊಂಡು ಹೋಗ್ಬೇಕು?”

ಮೇಸ್ತ್ರಿಯ ಈ ಪ್ರಶ್ನೆಗೆ ಉತ್ತರ ಸಿಗದೆ ಆ ಗ್ಯಾರೇಜಿನಲ್ಲಿ ಯಾವ ಹಳೆಯ ಕಾರಿಗೂ ಸ್ಪ್ಯಾನರ್ ತಾಗುತ್ತಿರಲಿಲ್ಲ. ಕೆಲವರು ಕಾರ್ಖಾನೆಯಿಂದ ಹೊರಬಿದ್ದ ದಿನ ಎನ್ನುತ್ತಿದ್ದರು. ಕೆಲವರು ತಮ್ಮ ಮದುವೆಯ ದಿನ ಎನ್ನುತ್ತಿದ್ದರು. ಮುದುಕರೊಬ್ಬರಂತೂ, “ನನ್ನ ಅಳಿಯನ ಕೈಗೆ ಕೀಲಿ ಕೊಟ್ಟೆನಲ್ಲ, ಅದರ ಹಿಂದಿನ ದಿನಕ್ಕೆ!” ಎಂದಿದ್ದರು.

ಈ ಮನುಷ್ಯ ಮಾತ್ರ ಬಾಯಿಯೇ ಬಿಡಲಿಲ್ಲ.

ಟ್ರಕ್ಕಿನಿಂದ ಆಗಷ್ಟೇ ಇಳಿಸಿದ ಹಸಿರು ಕಾರಿನ ಪಕ್ಕ ನಿಂತಿದ್ದ. ಮೂವತ್ತೈದು ಮೂವತ್ತಾರರ ವಯಸ್ಸು. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನಂತೆ. ಜೊತೆಗೆ ಬಂದಿದ್ದ ಅಕ್ಕನೇ ಎಲ್ಲ ಮಾತನ್ನೂ ಮುಗಿಸಿದ್ದಳು.

“ಹೇಳೋ, ಕಾಯ್ತಿದ್ದಾರೆ…”

“ನಂಗೆ ಮೂರು ವರ್ಷ ಆಗಿತ್ತಲ್ಲ,” ಅವನು ಕಾರನ್ನೇ ನೋಡುತ್ತ ಹೇಳಿದ, “ಆಗಿನ ಒಂದು ಬೆಳಿಗ್ಗೆಗೆ.”

ಅಕ್ಕ ಕಿಸಕ್ಕನೆ ನಕ್ಕಳು. “ಮೂರು ವರ್ಷದವನಿಗೆ ಏನಪ್ಪಾ ನೆನಪಿರುತ್ತೆ? ಮೂಗು ಒರೆಸ್ಕೊಳ್ಳೋಕೆ ಬರ್ತಿರಲಿಲ್ಲ ನಿಂಗೆ!”

ಅಷ್ಟರಲ್ಲಿ ಬಣ್ಣದ ಕೋಣೆಯಿಂದ ಇನ್ನೊಬ್ಬಳು ಹೊರಬಂದಳು. ಮೇಸ್ತ್ರಿಯ ಸೋದರ ಸೊಸೆ. ಹನ್ನೊಂದು ವರ್ಷದಿಂದ ಈ ಗ್ಯಾರೇಜಿನ ಬಣ್ಣವೆಲ್ಲ ಅವಳದೇ. ಎಲ್ಲರೂ ಕರೆಯುತ್ತಿದ್ದುದು ಬಣ್ಣದಕ್ಕ ಎಂದು. ಕೈಯಲ್ಲಿ ನೀರಿಗೆ ಅದ್ದಿದ ಮರಳು ಕಾಗದವಿತ್ತು. ಹೊಸ ಕಾರು ಬಂದರೆ ಬಾಗಿಲಿನ ಮೇಲೆ ನಾಣ್ಯದಷ್ಟಗಲ ಉಜ್ಜಿ, ಒಳಗೆ ಯಾವ ಯಾವ ಬಣ್ಣ ಪದರ ಪದರವಾಗಿ ಮಲಗಿದೆ ಎಂದು ನೋಡುವುದು ಅವಳ ಪದ್ಧತಿ.

ಅವಳು ಬಗ್ಗಿ ಕಾಗದವನ್ನು ಒತ್ತಿದಳು. ಒಂದು ಸಲ ಉಜ್ಜಿದಳು. ಎರಡನೇ ಸಲ…

ಅವನ ಕೈ ಬಂದು ಅವಳ ಮಣಿಕಟ್ಟನ್ನು ಹಿಡಿಯಿತು!

“ಬೇಡ… ಇವತ್ತು ಬೇಡ.”

ಅವಳು ಬೆಚ್ಚಿ ತಲೆಯೆತ್ತಿದಳು. ಹನ್ನೊಂದು ವರ್ಷದಲ್ಲಿ ಅವಳ ಕೈಯನ್ನು ಯಾರೂ ತಡೆದಿರಲಿಲ್ಲ. ರೇಗಬೇಕೆಂದುಕೊಂಡಳು. ಆದರೆ ಆ ಬೆರಳುಗಳು ನಡುಗುತ್ತಿದ್ದವು.

“ಅದಕ್ಕೇನೂ ನೋವಾಗಲ್ಲ,” ಎಂದಳು ಮೆಲ್ಲಗೆ.

“ಅದಕ್ಕಲ್ಲ,” ಎಂದ ಅವನು. ಕೈ ಬಿಟ್ಟ.

*

ಕಾರು ಅವರ ಅಮ್ಮನದು. ನರ್ಸ್ ಆಗಿದ್ದಾಕೆ, ಮನೆ ಮನೆಗೆ ಹೆರಿಗೆ ಮಾಡಿಸಲು ತಾನೇ ಓಡಿಸಿಕೊಂಡು ಹೋಗುತ್ತಿದ್ದಳಂತೆ. ಆಕೆ ತೀರಿಕೊಂಡ ತಿಂಗಳೊಳಗೆ ಅಪ್ಪ ಕಾರಿಗೆ ಕಡುಹಸಿರು ಬಳಿಸಿ ಶೆಡ್ಡಿಗೆ ತಳ್ಳಿ ಬೀಗ ಹಾಕಿದರು. ಮೂವತ್ತಮೂರು ವರ್ಷ ಅದು ಹೊರಗೆ ಬರಲಿಲ್ಲ. ಹೋದ ವರ್ಷ ಅಪ್ಪನೂ ಹೋದ ಮೇಲೆ ಮಕ್ಕಳು ಬೀಗ ಒಡೆದಿದ್ದರು.

ಅವನು ಪ್ರತಿ ಶನಿವಾರ ಬರತೊಡಗಿದ. ಅಕ್ಕನೂ ಒಂದು ಪಟ್ಟಿ ಹಿಡಿದು ಬರುತ್ತಿದ್ದಳು. ಏಸಿ ಬೇಕು, ಮೆತ್ತನೆಯ ಸೀಟು ಬೇಕು, ಹಿಂದೆ ಕ್ಯಾಮೆರಾ ಬೇಕು…

“ಹೊಸ ಕಾರೇ ತಗೋಬಹುದಲ್ಲಮ್ಮಾ,” ಎನ್ನುತ್ತಿದ್ದರು ಮೇಸ್ತ್ರಿ.

“ಅಮ್ಮನ ಕಾರು ಅಂತ ಹೇಳ್ಕೋಬೇಕಲ್ಲ ಮತ್ತೆ!”

ಅವನು ಕೇಳುತ್ತಿದ್ದುದು ಬೇರೆ. ಸ್ಟೇರಿಂಗಿನ ಸೀಳನ್ನು ತುಂಬಬೇಡಿ. ಹಿಂದಿನ ಬಂಪರಿನ ತಗ್ಗನ್ನು ಎತ್ತಬೇಡಿ. ಚಾಲಕಿಯ ಸೀಟು ಮುಂದಕ್ಕೆ ಜರುಗಿ ಅಲ್ಲೇ ತುಕ್ಕು ಹಿಡಿದು ನಿಂತಿತ್ತು. ಮೇಸ್ತ್ರಿ ಸುತ್ತಿಗೆ ತಂದಾಗ ಅವನು ಅಡ್ಡ ನಿಂತ.

“ಇರಲಿ. ಅಮ್ಮ ಕೂತಿದ್ದ ಜಾಗ ಅದು.”

“ಕೂತು ನೋಡಿ ಒಂದ್ಸಲ,” ಎಂದರು ಮೇಸ್ತ್ರಿ.

ಕೂತ. ಮಂಡಿಗಳು ಸ್ಟೇರಿಂಗಿಗೆ ಸಿಕ್ಕಿಕೊಂಡವು. ಗದ್ದ ಹೆಚ್ಚುಕಡಿಮೆ ಗಾಜಿಗೆ ತಾಗಿತು. ಬಣ್ಣದಕ್ಕನಿಗೆ ನಗು ತಡೆಯಲಾಗಲಿಲ್ಲ.

“ಹೀಗೆ ಓಡಿಸ್ತೀರಾ?”

“ಓಡಿಸೋಕಲ್ಲ,” ಎಂದ. ಅವಳ ನಗು ಅಲ್ಲಿಗೇ ನಿಂತಿತು.

ಬ್ರೇಕಿನ ವಿಷಯಕ್ಕೆ ಮಾತ್ರ ಮೇಸ್ತ್ರಿ ಬಗ್ಗಲಿಲ್ಲ. “ನೆನಪಿಗೆ ಬ್ರೇಕ್ ಇಲ್ದಿದ್ರೂ ನಡೆಯುತ್ತೆ ಸ್ವಾಮಿ. ಕಾರಿಗೆ ನಡೆಯಲ್ಲ. ಹೊಸದೇ ಹಾಕ್ತೀನಿ.”

ಕ್ಲಚ್ ಪೆಡಲಿನ ರಬ್ಬರನ್ನು ಬಿಚ್ಚಿದ್ದು ಅವಳು. ಕೆಳ ಅಂಚು ಮಾತ್ರ ಸವೆದು ನುಣುಪಾಗಿತ್ತು. ಹೊಸದು ಮೇಜಿನ ಮೇಲೇ ಇತ್ತು. ಆದರೂ ಅವಳು ಹಳೆಯದನ್ನೇ ತೊಳೆದು ಅವನ ಮುಂದೆ ಹಿಡಿದಳು.

“ಪುಟ್ಟ ಕಾಲು ನಿಮ್ಮ ಅಮ್ಮಂದು. ಬೆರಳ ತುದಿಯಲ್ಲೇ ಒತ್ತುತ್ತಿದ್ರು. ಇದನ್ನ ಬದಲಾಯಿಸೋದು ಬೇಡ ಅಲ್ವಾ?”

ಅವನು ರಬ್ಬರನ್ನು ಅಂಗೈಯಲ್ಲಿಟ್ಟುಕೊಂಡು ಸವೆದ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ, ಅದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳದೇ ಇದ್ದುದನ್ನು ಅವಳಿಗೆ ಹೇಳಿದ.

“ಅಮ್ಮನ ಬಗ್ಗೆ ನಂಗೆ ಒಂದೇ ಒಂದು ನೆನಪು. ಅಮ್ಮ ಕಾರು ತೊಳೀತಿದ್ಲು. ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಕಾರಿನ ತುಂಬಾ ಸೋಪಿನ ನೊರೆ. ಬಿಳಿ ಕಾರು, ಬಿಳಿ ನೊರೆ. ನೊರೆ ಎಲ್ಲಿ ಮುಗೀತು, ಕಾರು ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗ್ತಿರಲಿಲ್ಲ. ಅದರ ಮಧ್ಯೆ ಅಮ್ಮನ ಕೈ ಮಾತ್ರ ಓಡಾಡ್ತಿತ್ತು…”

“ಮುಖ?”

“ಮುಖ ನೆನಪಿಲ್ಲ. ಕೈ ಅಷ್ಟೇ.” ರಬ್ಬರನ್ನು ಅವಳ ಕೈಗೆ ಮರಳಿಸಿದ. “ಅಕ್ಕ ಹೇಳ್ತಾಳೆ, ಅದು ನಾನೇ ಕಟ್ಟಿಕೊಂಡ ಕಥೆ ಅಂತ. ಅಷ್ಟು ಚಿಕ್ಕವನಿಗೆ ನೆನಪಿರೋಕೆ ಸಾಧ್ಯ ಇಲ್ವಂತೆ. ಅಪ್ಪ ಆ ಕಾರಿನ ಮಾತೇ ಎತ್ತೋಕೆ ಬಿಡ್ತಿರಲಿಲ್ಲ, ಅದರ ಕಲರ್ ಫೋಟೋ ಒಂದೂ ಇಲ್ಲ. ಹಸಿರಿನ ಕೆಳಗೆ ಬಿಳಿ ಸಿಕ್ಕಿಬಿಟ್ರೆ… ನಾನು ನೋಡಿದ್ದು ನಿಜ ಅಂತ ಆಗುತ್ತೆ ಅಲ್ವಾ?”

ಅವಳು ತಲೆಯಾಡಿಸಿದಳು. ಮೊದಲ ದಿನ ಆ ಬೆರಳುಗಳು ಯಾಕೆ ನಡುಗಿದವು ಎಂಬುದು ಈಗ ತಿಳಿಯಿತು.

'ಇವನಿಗೆ ಬಿಳಿಯೇ ಸಿಗಲಿ…' ಎಂದು ಅವಳ ಮನಸ್ಸು ಮೊರೆಯಿಟ್ಟಿತು. ಮೊರೆಯಿಟ್ಟ ಮೇಲೆ ತಾನೇ ಗಾಬರಿಯಾದಳು. ಬೇರೆಯವರ ಕಾರಿನ ಬಣ್ಣಕ್ಕೆ ತನ್ನೆದೆ ಯಾಕೆ ಹೀಗೆ ಹೊಡೆದುಕೊಳ್ಳಬೇಕು?

ಒಮ್ಮೆ ಅವಳಿಗೂ ನಿಶ್ಚಿತಾರ್ಥವಾಗಿತ್ತು. ಊರಿಗೆಲ್ಲ ಹೇಳಿಕೊಂಡು ಮೆರೆದಿದ್ದಳು. ಅದು ಮುರಿದಾಗ ಊರಿಗೆಲ್ಲ ಉತ್ತರ ಹೇಳಬೇಕಾಗಿ ಬಂತು. ಅಂದಿನಿಂದ ಅವಳದೊಂದು ಗಟ್ಟಿ ನಂಬಿಕೆ: ಯಾರ ಕಣ್ಣಿಗೂ ಬೀಳದ್ದು ಕೆಡುವುದಿಲ್ಲ. ಬಣ್ಣಕ್ಕೂ ಅದೇ, ಮನಸ್ಸಿಗೂ ಅದೇ.

*

ಮುಂದಿನ ಶನಿವಾರ, ಅವನ ಒಪ್ಪಿಗೆ ಪಡೆದೇ, ಅವಳು ಬಾಗಿಲನ್ನು ಉಜ್ಜಿದಳು. ಹಸಿರು ಕರಗಿತು. ಅದರಡಿಯಿಂದ ತಿಳಿಯಾದ ಒಂದು ಬಣ್ಣ ನಿಧಾನವಾಗಿ ಕಣ್ಣು ಬಿಟ್ಟಿತು.

ಬಿಳಿಯಲ್ಲ. ಹಾಲಿನ ಕೆನೆಗೆ ಚಿಟಿಕೆ ಅರಿಶಿನ ಬಿದ್ದಂತಿತ್ತು.

ಪರೀಕ್ಷಿಸಲು ಇನ್ನೊಂದು ದಾರಿ ಇತ್ತು. ಡ್ಯಾಶ್‌ಬೋರ್ಡಿನೊಳಗೆ ಕೈ ತೂರಿಸಿ, ಗ್ಲೋವ್ ಬಾಕ್ಸಿನ ಹಿಂದಿದ್ದ ಅಂಗೈಯಗಲದ ತಗಡನ್ನು ಬಿಚ್ಚಿದಳು. ಕಾರು ಹುಟ್ಟಿದ ದಿನ ಬಣ್ಣ ಕಂಡಿದ್ದು ಬಿಟ್ಟರೆ ಬಿಸಿಲನ್ನೇ ಕಾಣದ ತಗಡು. ಹಸಿರೂ ಅದನ್ನು ಮುಟ್ಟಿರಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎಂಬುದು ಈ ಕಸುಬಿನವರೆಲ್ಲರ ಮಾತು.

ಅದೂ ಕೆನೆಬಣ್ಣವೇ. ಬಾಗಿಲಿಗಿಂತ ಒಂದು ಕೈ ಹೆಚ್ಚು.

'ಸುಳ್ಳು ಹೇಳಿಬಿಡಲಾ?' ಒಂದೇ ಕ್ಷಣ ಹಾಗನ್ನಿಸಿತು. 'ಬಿಳಿಯ ಡಬ್ಬಿ ತೆಗೆದು ಬಳಿದುಬಿಟ್ಟರೆ ಯಾರಿಗೆ ಗೊತ್ತಾಗುತ್ತೆ?' ಆದರೆ ಅವನು ಕೇಳಿದ್ದು ಬಣ್ಣವನ್ನಲ್ಲ, ನಿಜವನ್ನು.

“ಬಿಳಿ ಇರಲಿಲ್ಲ,” ಎಂದಳು. “ಕೆನೆಬಣ್ಣ.”

“ಖಂಡಿತವಾ?”

“ಎರಡು ಕಡೆ ನೋಡ್ದೆ. ಖಂಡಿತ.”

ಅಕ್ಕ ಚಪ್ಪಾಳೆ ತಟ್ಟಿದಳು. “ನಾನು ಬಡ್ಕೊಂಡೆ ತಾನೆ! ಯಾರ ಮನೆಯ ಕಾರು ನೋಡಿದ್ಯೋ, ಯಾರ ಕೈ ನೋಡಿದ್ಯೋ!”

ಅವನ ಮುಖ ದೀಪ ಆರಿದ ಕೋಣೆಯಂತಾಯಿತು. ಅವಳು ಕಲಸಿದ ಕೆನೆಬಣ್ಣವನ್ನು ನಮೂನೆಗೆ ಒಂದು ರಟ್ಟಿನ ಮೇಲೆ ಬಳಿದುಕೊಟ್ಟಾಗ, ಅದರ ಹಿಂಬದಿಯಲ್ಲಿ ಒಪ್ಪಿಗೆಯ ಸಹಿ ಹಾಕಿದ. ಪೆನ್ನನ್ನು ಅವಳ ಕೈಗಲ್ಲ, ಮೇಜಿನ ಮೇಲಿಟ್ಟ.

ಮರು ಶನಿವಾರ ಅವನು ಬರಲಿಲ್ಲ.

ಅದರ ಮರು ಶನಿವಾರವೂ…

ಮೇಸ್ತ್ರಿಗೆ ಫೋನ್ ಮಾತ್ರ ಬರುತ್ತಿತ್ತು. “ಮುಗಿದ ಮೇಲೆ ಹೇಳಿ” ಎಂಬಷ್ಟೇ ಮಾತು. ಅವಳು ಹಸಿರನ್ನೆಲ್ಲ ಕೆರೆದು ಕೆನೆಬಣ್ಣವನ್ನು ಸಿಂಪಡಿಸಿದಳು. ಒಂದೇ ಒಂದು ಹನಿ ಇಳಿಯದಂತೆ, ಕನ್ನಡಿಯಂತೆ. ಅಷ್ಟು ಚೆಂದದ ಕೆಲಸವನ್ನು ಅಷ್ಟು ದುಃಖದಲ್ಲಿ ಅವಳು ಎಂದೂ ಮಾಡಿರಲಿಲ್ಲ.

'ಅವನ ಅಮ್ಮನನ್ನ ನಾನೇ ಕಿತ್ಕೊಂಡೆ. ನನ್ನ ಮುಖ ಹೇಗೆ ನೋಡ್ತಾನೆ?'

*

ಕಾರು ಹೊರಡುವ ಹಿಂದಿನ ಮಧ್ಯಾಹ್ನ ಅವಳು ತನ್ನ ಕೋಣೆಯ ಕಿಟಕಿಕಟ್ಟೆಯನ್ನು ಒರೆಸುತ್ತಿದ್ದಳು. ಆ ತಗಡು ಅಲ್ಲೇ ಬಿದ್ದಿತ್ತು. ಬಣ್ಣ ಕಲಸಿದ ದಿನ ಇಟ್ಟದ್ದು. ಅದರ ಮೇಲೆ ವಾರ್ನಿಶ್ಶಿನ ಡಬ್ಬಿಯೊಂದು ಓರೆಯಾಗಿ ಕೂತಿತ್ತು. ಡಬ್ಬಿಯನ್ನೆತ್ತಿದಳು.

ಎತ್ತಿದ ಕೈ ಅಲ್ಲೇ ನಿಂತಿತು.

ಡಬ್ಬಿಯ ಕೆಳಗೆ ಅರ್ಧಚಂದ್ರದಂತೆ ಕೆನೆಬಣ್ಣ. ಸುತ್ತಲೂ, ಎರಡು ತಿಂಗಳ ಬಿಸಿಲು ಬಿದ್ದ ಕಡೆಯಲ್ಲೆಲ್ಲ… ಬಿಳಿ. ಅಪ್ಪಟ ಬಿಳಿ!

“ಮಾವಾ!”

ಮೇಸ್ತ್ರಿ ಓಡಿ ಬಂದರು. ತಗಡನ್ನು ತಿರುಗಿಸಿ ಮುರುಗಿಸಿ ನೋಡಿದರು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದರು.

“ಬೀರುವಿನ ಒಳಬಾಗಿಲು ಹಳದಿಯಾಗೋದು ನೋಡಿದ್ದೆ ಕಣೇ. ಹೊಗೆಗೆ ಅಂದ್ಕೊಂಡಿದ್ದೆ. ಹಳೇ ಕಾಲದ ಎಣ್ಣೆ ಬಣ್ಣ… ಕತ್ತಲಲ್ಲಿ ಇಟ್ರೆ ಹಳದಿಯಾಗುತ್ತೆ. ಬೆಳಕು ತೋರಿಸಿದ್ರೆ ಬೆಳ್ಳಗಾಗುತ್ತೆ.” ಅವರು ಹಣೆ ಹಿಡಿದುಕೊಂಡರು. “ನಲವತ್ತು ವರ್ಷದಿಂದ ಮುಚ್ಚಿದ ಜಾಗವನ್ನೇ ನಂಬಿದ್ದೀನಲ್ಲೇ! ಎಷ್ಟು ಕಾರಿಗೆ ಕಾಮಾಲೆ ಬರಿಸಿದೆನೋ!”

ಅವಳು ಆಗಲೇ ತಗಡನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು.

“ಅವರು ಒಪ್ಪಿ ಸಹಿ ಹಾಕಿದ್ದಾರೆ, ಮಗಳೇ. ನಾಳೆ ಗಾಡಿ ಹೋಗುತ್ತೆ. ಹೇಳಿದ್ರೆ ನಿನ್ನ ಹೆಸರು…”

“ಮಾವ, ಅದು ಅವರಮ್ಮ.”

ಮೇಸ್ತ್ರಿ ಅವನು ಕೆಲಸ ಮಾಡುತ್ತಿದ್ದ ಕಟ್ಟಡದ ವಿಳಾಸವನ್ನು ಬರೆದುಕೊಟ್ಟರು.

*

ಹನ್ನೊಂದು ಮಹಡಿ. ಲಿಫ್ಟಿಗೆ 'ದುರಸ್ತಿಯಲ್ಲಿದೆ' ಎಂಬ ಫಲಕ ನೇತಾಡುತ್ತಿತ್ತು. ಅವಳು ಮೆಟ್ಟಿಲು ಹಿಡಿದಳು. ನಾಲ್ಕನೇ ಮಹಡಿಯಲ್ಲಿ ಕೈಚೀಲ ಪಕ್ಕಕ್ಕಿಟ್ಟು ಕೂತಿದ್ದ ಅಜ್ಜಿಯೊಬ್ಬರು ಅವಳ ಸೆರಗು ಹಿಡಿದು ನಿಲ್ಲಿಸಿದರು.

“ಮೇಲೆ ಆ ಲಿಫ್ಟಿನವನು ಸಿಕ್ರೆ ಹೇಳಮ್ಮ, ನನ್ನ ಮಂಡಿ ಇಲ್ಲಿಗೇ ರಾಜೀನಾಮೆ ಕೊಟ್ಟಿದೆ ಅಂತ!”

ತಾರಸಿಯ ಮೇಲೆ ಯಂತ್ರದ ಕೋಣೆಯ ಬಾಗಿಲು ತೆರೆದಿತ್ತು. ಅವನು ಮೊಣಕಾಲೂರಿ ತಂತಿ ಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದ. ಅವಳನ್ನು ಕಂಡು ತಟ್ಟನೆ ಎದ್ದ.

“ನೀವಾ?”

“ಒಂದ್ನಿಮಿಷ… ಉಸಿರು…”

ಅವನು ಟೂಲ್ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ. ಹೊರಗೆ ಬಿಸಿಲಿಗೆ ಬಂದು, ಬಟ್ಟೆ ಬಿಚ್ಚಿ, ತಗಡನ್ನು ತಾರಸಿಯ ಗೋಡೆಯ ಮೇಲಿಟ್ಟಳು.

“ಇದರಲ್ಲಿ ಎರಡು ಬಣ್ಣ ಇದೆ,” ಎಂದ ಅವನು.

“ಒಂದೇ ಬಣ್ಣ. ಅರ್ಧಕ್ಕೆ ಬಿಸಿಲು ಬಿದ್ದಿದೆ. ಅರ್ಧಕ್ಕೆ ಬಿದ್ದಿಲ್ಲ.” ಅವಳು ಕೆನೆಬಣ್ಣದ ಅರ್ಧಚಂದ್ರವನ್ನು ಮುಟ್ಟಿ ತೋರಿಸಿದಳು. “ಬಚ್ಚಿಟ್ಟ ಜಾಗದಲ್ಲಿರೋದೇ ನಿಜವಾದ ಬಣ್ಣ ಅಂದ್ಕೊಂಡೆ. ಆದ್ರೆ ಕತ್ತಲಲ್ಲಿ ಇದ್ದೇ ಅದು ಹಳದಿಯಾಗಿತ್ತು. ಹಸಿರಿನ ಕೆಳಗಿದ್ದದ್ದೂ ಹಾಗೇ. ನಿಮ್ಮ ಕಾರು ಬಿಳಿಯೇ. ನಾನು ಖಂಡಿತ ಅಂದೆನಲ್ಲ… ಅದು ತಪ್ಪು.”

ಅವನು ತಗಡನ್ನು ಮುಟ್ಟಲಿಲ್ಲ. ಬೆರಳಿಗೆ ಗ್ರೀಸ್ ಇತ್ತು. ನೋಡುತ್ತಲೇ ನಿಂತ.

'ಬೈದುಬಿಡಲಿ… ಸುಮ್ಮನಿರದೆ ಬೈದುಬಿಡಲಿ!'

ಅವನು ಬೈಯಲಿಲ್ಲ.

“ನೊರೆ ಎಲ್ಲಿ, ಕಾರು ಎಲ್ಲಿ ಅಂತ ಗೊತ್ತಾಗ್ತಿರಲಿಲ್ಲ ಅಂದ್ರಲ್ಲ,” ಅವಳೇ ಹೇಳಿದಳು. “ಗೊತ್ತಾಗೋಕೆ ಸಾಧ್ಯಾನೇ ಇರಲಿಲ್ಲ. ನೀವು ಕಥೆ ಕಟ್ಟಲಿಲ್ಲ. ನೀವು ಅಲ್ಲೇ ಕೂತಿದ್ರಿ. ಅವರೂ ಅಲ್ಲೇ ಇದ್ರು.”

ಅವನು ಗೋಡೆಗೊರಗಿ ಕೆಳಗೆ ಕುಳಿತ. ಮುಖವನ್ನು ತೋಳಿನಲ್ಲಿ ಮುಚ್ಚಿಕೊಂಡ. ಹೆಗಲು ಮಾತ್ರ ಅಲುಗುತ್ತಿತ್ತು. ಅವಳು ಪಕ್ಕದಲ್ಲಿ ಕುಳಿತಳು. ಸಮಾಧಾನ ಹೇಳಲಿಲ್ಲ. ಸಮಾಧಾನ ಬೇಡದ ಅಳುವೂ ಇರುತ್ತದೆ.

“ಎರಡು ತಿಂಗಳಿಂದ ಅಮ್ಮನ್ನ ನೆನೆಸ್ಕೊಂಡೇ ಇರಲಿಲ್ಲ,” ಅವನು ಕೊನೆಗೆ ಹೇಳಿದ. “ನೆನೆಸ್ಕೊಂಡ್ರೆ ಅದೂ ಸುಳ್ಳು ಅನ್ಸುತ್ತಲ್ಲ ಅಂತ ಭಯ.”

“ನನ್ನ ಮೇಲೆ ಕೋಪಕ್ಕೆ ಬರ್ತಿಲ್ಲ ಅಂದ್ಕೊಂಡಿದ್ದೆ.”

“ಕೋಪ ಅಲ್ಲ! ನಾಚಿಕೆ. ಯಾರಿಗೂ ಹೇಳದ್ದನ್ನ ನಿಮಗೆ ಹೇಳ್ದೆ. ಅದು ಸುಳ್ಳು ಅಂತ ನೀವೇ ಕಂಡುಹಿಡಿದ್ರಿ. ಆಮೇಲೆ ಯಾವ ಮುಖ ಹೊತ್ಕೊಂಡು ಬರ್ಲಿ?”

ಒಬ್ಬೊಬ್ಬರೂ ಇನ್ನೊಬ್ಬರ ಮೌನಕ್ಕೆ ತಮಗೆ ತೋಚಿದ ಅರ್ಥ ಹಚ್ಚಿಕೊಂಡು ಎರಡು ತಿಂಗಳು ಕಳೆದಿದ್ದರು.

“ಕಾರನ್ನ ಮತ್ತೆ ಕೆರೀತೀನಿ,” ಎಂದಳು. “ನನ್ನ ತಪ್ಪು. ನಿಮಗೆ ಈಗಿರೋ ಬಣ್ಣವೇ ಸಾಕು ಅನ್ಸಿದ್ರೆ…”

“ಇಲ್ಲ. ದೊಡ್ಡ ಮನಸ್ಸು ಮಾಡಿ 'ಇರ್ಲಿ ಬಿಡಿ' ಅನ್ನೋಕೆ ನನ್ನಿಂದ ಆಗಲ್ಲ. ಬಿಳಿಯೇ ಬೇಕು.”

ಅವಳಿಗೆ ಯಾಕೋ ಎದೆ ಹಗುರಾಯಿತು. ಕ್ಷಮೆಗಿಂತ ಈ ಹಟ ಹೆಚ್ಚು ಹತ್ತಿರದ್ದೆನಿಸಿತು.

“ನಾನೂ ಬಂದು ಉಜ್ಜುತ್ತೀನಿ,” ಎಂದ ಅವನು.

ಅವನ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಆ ಕಡೆಯಿಂದ ಯಾರೋ ಲಿಫ್ಟಿನ ಬಗ್ಗೆ ಕೂಗಾಡಿದರು. “ಹತ್ತು ನಿಮಿಷ,” ಎಂದು ಇಟ್ಟ.

ಅವಳು ಎದ್ದು ನಿಂತಳು. ಹೊರಟುಬಿಡಬಹುದಿತ್ತು. ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಬಾಗಿಲವರೆಗೆ ಹೋದಳು. ಚೌಕಟ್ಟು ಹಿಡಿದು ನಿಂತಳು.

“ಇನ್ನೊಂದಿದೆ,” ಅವನ ಕಡೆ ತಿರುಗದೆ ಹೇಳಿದಳು. “ಅದನ್ನೂ ಮುಚ್ಚಿಟ್ಟಿದ್ದೆ. ಹಾಗೇ ಇಟ್ರೆ ಚೆನ್ನಾಗಿರುತ್ತೆ ಅಂದ್ಕೊಂಡು. ಇವತ್ತು ಆ ತಗಡು ನೋಡಿದ ಮೇಲೆ ಇನ್ನೂ ಮುಚ್ಚಿಡೋಕೆ ಧೈರ್ಯ ಸಾಲ್ತಿಲ್ಲ… ಶನಿವಾರ ಬಂದ್ರೆ ನಾನು ಗೇಟನ್ನೇ ನೋಡ್ತಿರ್ತೀನಿ. ನೀವು ಬರದೇ ಇದ್ದ ಆರು ಶನಿವಾರಾನೂ ನೋಡಿದೆ.”

ಹಿಂದೆ ಅವನು ಎದ್ದು ನಿಂತ ಸದ್ದಾಯಿತು.

“ಆರಲ್ಲ. ಏಳು,” ಎಂದ ಅವನು.

ಅವಳು ತಿರುಗಿದಳು. “ನಿಮಗೆ ಹೇಗೆ ಗೊತ್ತು?”

“ಗೇಟಿನ ಆಚೆ ಮೂಲೆ ತನಕ ಬರ್ತಿದ್ದೆ. ಏಳು ಸಲಾನೂ.”

*

ಕೆರೆದು, ಉಜ್ಜಿ, ಮತ್ತೆ ಬಳಿಯಲು ಐದು ವಾರ ಹಿಡಿಯಿತು. ಅವನು ರಜೆ ಹಾಕಿ ಬಂದ. ಇಬ್ಬರ ಬೆರಳ ತುದಿಗಳೂ ಸವೆದು ಕೆಂಪಾದವು. ಮೇಸ್ತ್ರಿ ದೂರದಿಂದಲೇ ನೋಡಿ, “ಎರಡು ಕೈ ಕೆಲಸ ನಾಲ್ಕು ಕೈಲಿ ಇಷ್ಟು ನಿಧಾನ ಆಗೋದು ಇದೇ ಮೊದಲು,” ಎಂದು ಗೊಣಗಿ, ಒಳಗೆ ಹೋಗಿ ನಕ್ಕರು.

ಕಾರನ್ನು ಅಂಗಳಕ್ಕೆ ತಳ್ಳಿದ ಬೆಳಿಗ್ಗೆ ಅಕ್ಕ ಬಂದಳು. ಬಾಗಿಲು ತೆರೆಯಲು ಕೈ ಚಾಚಿದವಳು ಅಲ್ಲೇ ನಿಂತಳು. ಜೀವಮಾನದಲ್ಲೇ ಮೊದಲ ಬಾರಿಗೆ ಅವಳಿಗೆ ಮಾತು ಹೊರಡಲಿಲ್ಲ.

“ನಾನಾಗ ಅಜ್ಜಿ ಮನೇಲಿ ಓದ್ತಿದ್ದೆ,” ಎಂದಳು ಕೊನೆಗೆ, ಅವನತ್ತ ನೋಡದೆ. “ಈ ಕಾರು ಬಂದಾಗಿನಿಂದ ಅಮ್ಮನ ಕೊನೇ ದಿನದ ತನಕ ನಾನು ಜೊತೇಲಿ ಇರಲೇ ಇಲ್ಲ. ಆಗಿನದು ನಿಂಗೆ ಒಂದಾದ್ರೂ ನೆನಪಿದೆ, ನಂಗೆ ಅದೂ ಇಲ್ಲ. ಅದಕ್ಕೇ… ನಿಂಗೂ ಇಲ್ಲ ಅಂತ ಹೇಳ್ತಾ ಬಂದೆ ಕಣೋ.”

ಅವನು ಅಕ್ಕನ ಕೈ ಹಿಡಿದು, ಮುಂದಕ್ಕೆ ಜರುಗಿದ ಆ ಸೀಟಿನಲ್ಲಿ ಕೂರಿಸಿದ. ಗಿಡ್ಡ ದೇಹದ ಅಕ್ಕನಿಗೆ ಅದು ಅಳತೆ ತೆಗೆದು ಮಾಡಿಸಿದಂತಿತ್ತು. ಅವಳು ಸ್ಟೇರಿಂಗಿಗೆ ಹಣೆಯಿಟ್ಟಳು. ಅವನು ಬಾಗಿಲನ್ನು ಮೆಲ್ಲಗೆ ಮುಚ್ಚಿ ಅವಳನ್ನು ಅಮ್ಮನ ಜೊತೆ ಬಿಟ್ಟು ಬಂದ.

ಬಣ್ಣದ ಕೋಣೆಯ ಮೆಟ್ಟಿಲ ಮೇಲೆ ಬಣ್ಣದಕ್ಕ ಕುಳಿತಿದ್ದಳು. ಅವನೂ ಕುಳಿತ.

“ನಂಗೆ ಚೆನ್ನಾಗಿ ಮಾತಾಡೋಕೆ ಬರಲ್ಲ,” ಎಂದ ಅವನು. “ಕೇಳಬೇಕಾದ್ದನ್ನ ಹೇಗೆ ಕೇಳಬೇಕೋ ಗೊತ್ತಾಗ್ತಿಲ್ಲ.”

“ಕೇಳಿದ ಹಾಗೇ ಆಯ್ತು.”

“ಹಾಗಾದ್ರೆ…?”

“ಹೂಂ.”

ಅವನ ಕೈ ಅವಳ ಕೈಯನ್ನು ಹುಡುಕಿಕೊಂಡು ಬಂತು. ಈಗ ಅದು ನಡುಗುತ್ತಿರಲಿಲ್ಲ.

“ನಂಗೂ ಮಾತು ಕಡಿಮೆ,” ಎಂದಳು ಅವಳು. “ನಮ್ಮಿಬ್ಬರ ಮನೆ ತುಂಬಾ ನಿಶ್ಶಬ್ದ ಆಗಿಬಿಡುತ್ತೇನೋ…”

ಕಾರಿನೊಳಗಿನಿಂದ ಅಕ್ಕ ಕಣ್ಣೊರೆಸಿಕೊಂಡು ತಲೆ ಹೊರಹಾಕಿದಳು. “ಲೋ! ಇದರ ಕಿಟಕಿ ಯಾಕೋ ಇಷ್ಟು ಬಿಗಿ? ಕನ್ನಡಿ ಯಾಕೆ ಒಂದೇ ಕಡೆ? ಕೇಳ್ತಿದ್ಯೇನೋ?”

ಅವನು ಪಕ್ಕದಲ್ಲಿ ಕುಳಿತವಳತ್ತ ನೋಡಿದ.

“ಭಯಪಡಬೇಡಿ. ಅಕ್ಕ ದಿನಾ ಬರ್ತಾಳೆ.”